ಬೆಚ್ಚಗಿನ ಬದಿ

ಸೆನ್ಸರಿನ ತಂತಿ ಕ್ಯಾಲೆಂಡರಿನ ಮೊಳೆಗೆ ತೂಗುತ್ತಿತ್ತು. ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಹಜಾರಕ್ಕೆ ಬಂದಿದ್ದ ಅವನು ಅದನ್ನು ನೋಡಿದ. ನೋಡಿ, ಅದರ ಹಿಂದಿದ್ದ ಕ್ಯಾಲೆಂಡರಿನಲ್ಲಿ ಇವತ್ತು ಯಾವ ವಾರ ಎಂದೂ ನೋಡಿಕೊಂಡ. ಬುಧವಾರ. ತನಗೆ ರಜೆ. ಅಣ್ಣ ಆಸ್ಪತ್ರೆಯಿಂದ ಬರುವ ದಿನ. ಮಂಚದ ಕಾಲಿಗೆ ಇಟ್ಟಿಗೆ ಕೊಡಬೇಕು, ಬಚ್ಚಲಿನ ನೆಲಕ್ಕೆ ಹಳೆಯ ಗೋಣಿ ಹಾಸಬೇಕು, ಸೊಂಟದ ಮೂಳೆ ಮುರಿದವನು ಇನ್ನೊಮ್ಮೆ ಜಾರಿದರೆ ಎತ್ತುವವರು ಯಾರು. ಇಷ್ಟೆಲ್ಲ ಯೋಚಿಸಿ ಮುಗಿದ ಮೇಲೆ, ಆ ತಂತಿ ಇರಬೇಕಾದದ್ದು ಮೊಳೆಯ ಮೇಲಲ್ಲ, ಗಾಜಿನ ಪೆಟ್ಟಿಗೆಯ ಒಳಗೆ, ಕಾಗದದ ಕೆಳಗೆ, ಅಣ್ಣನ ಹಾವು ಮಲಗುವ ಜಾಗದಲ್ಲಿ ಎಂಬುದು ಹೊಳೆಯಿತು. ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ.

ಪರದೆ ಸರಿಸಿದ. ಪೆಟ್ಟಿಗೆಯ ಪಕ್ಕದ ಸಣ್ಣ ಯಂತ್ರದಲ್ಲಿ ಇಪ್ಪತ್ತೊಂದು ಎಂಬ ಅಂಕಿ ಕಾಣುತ್ತಿತ್ತು. ಅದು ಹಜಾರದ ಗೋಡೆಯ ಬಿಸಿ, ಪೆಟ್ಟಿಗೆಯದಲ್ಲ. ಮೂವತ್ತೆರಡಕ್ಕೆ ಮುಟ್ಟುವವರೆಗೆ ಬಿಸಿ ಮಾಡು, ಮುಟ್ಟಿದ ಮೇಲೆ ನಿಲ್ಲಿಸು ಎಂದು ಅದಕ್ಕೆ ಹೇಳಿಟ್ಟಿತ್ತು. ಪಾಪದ ಯಂತ್ರ ಗೋಡೆಯ ಚಳಿಯನ್ನು ಓದಿಕೊಂಡು, ಇನ್ನೂ ಸಾಲದು ಇನ್ನೂ ಸಾಲದು ಎಂದು ನಿನ್ನೆ ಬೆಳಿಗ್ಗೆ ಐದೂವರೆಯಿಂದ ಪೆಟ್ಟಿಗೆಯ ತಳಕ್ಕೆ ಅಂಟಿಸಿದ್ದ ಕರೆಂಟಿನ ಹಾಸನ್ನು ಕಾಯಿಸುತ್ತಲೇ ಇತ್ತು. ಕೆಂಪು ದೀಪ ಉರಿಯುತ್ತಿತ್ತು. ಪರದೆಯ ಹಿಂದಿನ ಅದೇ ದೀಪವನ್ನು ಅವನು ನಿನ್ನೆ ಸಂಜೆ ಕೆಲಸದಿಂದ ಬಂದವನು ಬೂಟು ಬಿಚ್ಚುತ್ತ ನೋಡಿದ್ದ. ನೋಡಿ, ಸರಿಯಾಗಿ ನಡೀತಿದೆ, ಬೆಚ್ಚಗಿರಲಿ ಪಾಪ ಎಂದುಕೊಂಡು ಕುರ್ಚಿಯಲ್ಲಿ ಕಾಲು ಚಾಚಿದ್ದ. "ಏನೋ ಕಾದ ವಾಸನೆ ಬರ್ತಿದೆ ಕಣ್ರೀ ಮಧ್ಯಾಹ್ನದಿಂದ," ಎಂದು ಹೆಂಡತಿ ಒಳಗಿನಿಂದ ಹೇಳಿದ್ದಳು. "ಹೊಸ ಪೇಪರ್ ಹಾಸಿದೀನಲ್ಲ, ಅದರ ವಾಸನೆ," ಎಂದು ಇವನು ಕಣ್ಣು ಮುಚ್ಚಿಕೊಂಡೇ ಹೇಳಿದ್ದ. ಎಷ್ಟು ಬೇಗ ಸಿಕ್ಕಿತ್ತು ಉತ್ತರ. ದಣಿದವನಿಗೆ ಉತ್ತರಗಳು ಬೇಗ ಸಿಗುತ್ತವೆ.

ಮೊದಲು ಪ್ಲಗ್ ಕಿತ್ತ. ಮುಚ್ಚಳ ತೆಗೆದಾಗ ಮುಖಕ್ಕೆ ಬಿಸಿ ಗಾಳಿ ಬಡಿಯಿತು, ಒಣಗಿದ ಕಾಗದದ ಕಮಟು. ಪೆಟ್ಟಿಗೆಗೆ ಎರಡು ಬದಿ: ಒಂದು ಬೆಚ್ಚಗಿನ ಬದಿ, ಒಂದು ತಣ್ಣಗಿನ ಬದಿ; ಎರಡರಲ್ಲೂ ಅಡಗಲು ಒಂದೊಂದು ಬೋರಲು ಬುಟ್ಟಿ. ಬೇಡವೆನಿಸಿದಾಗ ಅದು ತಾನೇ ಎದ್ದು ಆ ಕಡೆ ಹೋಗುತ್ತೆ ಕಣೋ ಎಂದು ಅಣ್ಣ ಹೇಳಿದ್ದ. ತಣ್ಣಗಿನ ಬದಿಯ ಬುಟ್ಟಿಯನ್ನು ಅವನು ಮೊದಲು ಎತ್ತಿದ್ದು ಅದಕ್ಕೇ, ಆಸೆಯಿಂದ. ಖಾಲಿಯಿತ್ತು. ಬೆಚ್ಚಗಿನ ಬದಿಯ ಬುಟ್ಟಿಯ ಕೆಳಗೆ ಹಾವು ಉಂಡೆಯಾಗಿ ಸುತ್ತಿಕೊಂಡು, ಏನೂ ಆಗಿಲ್ಲವೆಂಬಂತೆ, ತನ್ನ ತಲೆಯನ್ನು ತನ್ನ ಸುರುಳಿಯ ಮೇಲಿಟ್ಟುಕೊಂಡು ಮಲಗಿತ್ತು. ಬದುಕಿದೆ. ಎರಡೂ ಕೈ ಹಾಕಿ ಎತ್ತಿದಾಗ ಭಾರ ಎಂದಿನಷ್ಟೇ ಇತ್ತು, ತಿರುಗಿಸಿ ನೋಡಿದಾಗ ಹೊಟ್ಟೆ ಎಂದಿನ ಹಾಗಿರಲಿಲ್ಲ. ಹಾಲಿನ ಬಣ್ಣದ ಅಗಲ ಹುರುಪೆಗಳು ಒಂದು ಗೇಣುದ್ದಕ್ಕೆ ಕೆಂಪಾಗಿದ್ದವು, ಎರಡು ಕಡೆ ನೀರುಗುಳ್ಳೆ ಎದ್ದಿತ್ತು. ಒಂದು ಕಡೆ ಕಂದಾಗಿ, ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಹೆಚ್ಚು ಹೊತ್ತು ನಿಂತ ಅಂಗಿಯ ಹಾಗೆ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಹನ್ನೆರಡು ದಿನಗಳಿಂದ ಅವಳು ಹಜಾರದಲ್ಲಿ ಆ ಪೆಟ್ಟಿಗೆಯ ಕಡೆ ಬೆನ್ನು ಮಾಡಿಕೊಂಡೇ ಓಡಾಡುತ್ತಿದ್ದಳು. ಭಾವ ಎಷ್ಟು ದಿನ ಬೇಕಾದ್ರೂ ಇರಲಿ, ನನ್ನದೇನೂ ತಕರಾರಿಲ್ಲ, ಆದರೆ ಆ ಮಹಾತಾಯಿ ಮಾತ್ರ ನನ್ನ ಕಣ್ಣಿಗೆ ಬೀಳಬಾರದು ಎಂದು ಮೊದಲ ದಿನವೇ ಹೇಳಿ, ಪೆಟ್ಟಿಗೆಯ ಮುಂದಕ್ಕೆ ತನ್ನ ಹಳೆಯ ಸೀರೆಯ ಪರದೆಯನ್ನು ತಾನೇ ಹೊಲಿದು ಇಳಿಬಿಟ್ಟವಳು.

"ಏನಾಯ್ತು?"

"ಸುಟ್ಟಿದೆ."

"ಯಾವುದು?"

ಅವನು ಹಾವಿನ ಹೊಟ್ಟೆಯನ್ನು ಅವಳ ಕಡೆ ತಿರುಗಿಸಿದ. ಅವಳು ಹಿಂದೆ ಸರಿಯಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಅಯ್ಯೋ, ಎದ್ದು ಹೋಗಬಾರದಿತ್ತಾ ಇದು. ಅಷ್ಟು ಜಾಗ ಇತ್ತಲ್ಲ ಆ ಕಡೆ," ಎಂದಳು. ಆಮೇಲೆ, "ನಾನು ನಿನ್ನೇನೇ ಹೇಳಿದ್ನಲ್ಲ ವಾಸನೆ ಅಂತ," ಎಂದಳು. ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

ತಪ್ಪು ಹೇಗಾಯಿತೆಂದು ಹುಡುಕುವ ಕಷ್ಟವೂ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಅವನು ಶೀತಲಗೃಹದಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ಬೆಣ್ಣೆಯ ಕೋಣೆಯನ್ನು ತೊಳೆಯುವ ದಿನ ಮೊದಲು ಮಾಡುವ ಕೆಲಸವೆಂದರೆ ಗೋಡೆಯ ಸೆನ್ಸರನ್ನು ಕ್ಲಿಪ್ಪಿನಿಂದ ಬಿಡಿಸಿ, ಬಾಗಿಲಾಚೆಯ ಮೊಳೆಗೆ ತೂಗುಹಾಕುವುದು. ನೀರು ತಗುಲಿದರೆ ಅದು ಹಾಳು. ಹೊರಗಿನ ಸೆಕೆಯನ್ನು ಓದಿಕೊಂಡ ಯಂತ್ರ ಇನ್ನಷ್ಟು ಜೋರಾಗಿ ತಂಪು ಮಾಡುತ್ತಿತ್ತು, ತೊಳೆದ ಕೋಣೆ ಬೇಗ ಹದಕ್ಕೆ ಬರುತ್ತಿತ್ತು. ತಿರುಗಿ ಇಡುವುದನ್ನು ಯಾರಾದರೂ ಮರೆತರೂ ಬೆಣ್ಣೆ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಮೇಲ್ವಿಚಾರಕ ಎರಡು ಮಾತು ಆಡುತ್ತಿದ್ದ, ಅಷ್ಟೇ. ಆ ಮರೆವಿನಲ್ಲಿ ಯಾರಿಗೂ ಏನೂ ಕೆಡುತ್ತಿರಲಿಲ್ಲ. ನಿನ್ನೆ ಪಾಳಿಗೆ ಹೊರಡುವ ಮೊದಲು ಗಾಜಿನ ತಳ ಒರೆಸಬೇಕೆಂದು ಒದ್ದೆ ಬಟ್ಟೆ ತಂದಾಗ ಅವನ ಕೈ ಅವನನ್ನು ಕೇಳಲಿಲ್ಲ. ಟೇಪು ಬಿಡಿಸಿತು, ಮೊಳೆ ಹುಡುಕಿತು, ತೂಗುಹಾಕಿತು. ಆಮೇಲೆ ಹೊಸ ಕಾಗದ ಹಾಸಿ, ನೀರಿನ ಬಟ್ಟಲು ಇಟ್ಟು, ಮುಚ್ಚಳ ಹಾಕಿ, ಪರದೆ ಎಳೆದು ಬಸ್ಸು ಹಿಡಿದಿದ್ದ. ಚಳಿ ಮಾಡುವ ಯಂತ್ರಕ್ಕೂ ಬಿಸಿ ಮಾಡುವ ಯಂತ್ರಕ್ಕೂ ಮೊಳೆಯ ಅರ್ಥ ತಿರುಗುಮುರುಗು ಎಂದು ಆ ಕೈಗೆ ಯಾರು ಹೇಳಿಕೊಡಬೇಕಿತ್ತು.

ಹೇಳಿಕೊಟ್ಟಿದ್ದರು. ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ ರಟ್ಟಿನ ಮೇಲೆ ಅಣ್ಣನ ದುಂಡನೆಯ ಅಕ್ಷರಗಳಿದ್ದವು. ಶಾಲೆಯ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದ ಅಣ್ಣ ನಿವೃತ್ತಿಯವರೆಗೂ ಸೀಸೆಗಳಿಗೆ ಚೀಟಿ ಬರೆದ ಕೈಯವನು. ಒಂದು, ಎರಡು, ಮೂರು ಎಂದು ಹಾಕದೆ ಅವನಿಗೆ ಏನನ್ನೂ ಬರೆಯಲು ಬರದು. ಶಾಲೆ ಪ್ರಯೋಗಶಾಲೆಯನ್ನು ಮುಚ್ಚಿ ಅಲ್ಲಿ ಕಂಪ್ಯೂಟರು ಇಟ್ಟಾಗ, ಯಾರಿಗೂ ಬೇಡವಾದ ಈ ಸಣ್ಣ ಜಾತಿಯ ಹೆಬ್ಬಾವನ್ನು ಅವನು ಮನೆಗೆ ತಂದುಕೊಂಡಿದ್ದ. ಎಂಟು ವರ್ಷವಾಯಿತು. ಮದುವೆಯಾಗದ ಮನುಷ್ಯ, ಅದಕ್ಕೆ ಯಜಮಾನ್ತಿ ಎಂದು ಹೆಸರಿಟ್ಟು, ಕೇಳಿದವರಿಗೆಲ್ಲ ಮನೇಲಿ ಯಜಮಾನ್ತಿ ಕಾಯ್ತಿರ್ತಾಳೆ ಎಂದು ಹೇಳಿ ತಾನೇ ನಗುತ್ತಿದ್ದ. ಆಸ್ಪತ್ರೆಯ ಮಂಚದ ಮೇಲಿಂದ ಈ ರಟ್ಟನ್ನು ಬರೆದು ಕೊಟ್ಟಾಗ ಇವನು ಮೂರನೆಯದರವರೆಗೆ ಓದಿ ನಕ್ಕಿದ್ದ. "ನನಗೇ ಬಿಸಿ ತಂಪು ಹೇಳಿಕೊಡ್ತೀಯಾ?" ಅಣ್ಣನೂ ನಕ್ಕಿದ್ದ. "ನೀನು ಗೊತ್ತಿರೋನು, ಸರಿ. ಆದರೂ ಪೂರ್ತಿ ಓದು."

ಈಗ ಪೂರ್ತಿ ಓದಿದ. ಏಳು: ಸೆನ್ಸರ್ ತನ್ನ ಜಾಗ ಬಿಟ್ಟು ಕದಲಬಾರದು, ಕದಲಿದರೆ ಮೊದಲು ಪ್ಲಗ್ ಕೀಳು. ಅದಕ್ಕೆ ಎರಡು ಗೆರೆ ಎಳೆದಿತ್ತು. ಎಂಟು, ಕೊನೆಯದು: ಹಾಸು ಎಷ್ಟು ಬಿಸಿಯಿದೆ ಎಂದು ದಿನಕ್ಕೊಮ್ಮೆ ಮುಟ್ಟಿ ನೋಡು; ಅಂಗೈಯಲ್ಲಿ ನೋಡಬೇಡ, ಮಣಿಕಟ್ಟಿನ ಒಳಮೈ ಇಟ್ಟು ನೋಡು. ಏಳನೆಯದನ್ನು ಓದಿದಾಗ ಬರೀ ನಾಚಿಕೆಯಾಯಿತು. ಎಂಟನೆಯದರ ಹತ್ತಿರ ಅವನು ನಿಂತುಬಿಟ್ಟ. ಅಂಗೈ ಬೇಡವೆಂದು ಅಣ್ಣ ಬರೆದದ್ದು ಯಾರಿಗೆ? ಎಲ್ಲರಿಗೂ ಬರೆಯುವಂಥದ್ದಾ, ಅಥವಾ ತನಗೇ ಬರೆದದ್ದಾ? ಹಾಗಾದರೆ ಅಣ್ಣನಿಗೆ ಅಂಗೈಯ ವಿಷಯ ಗೊತ್ತಿದೆಯಾ?

"ನಿಂತ್ಕೊಂಡು ಓದ್ತಾ ಇದ್ರೆ ಆಯ್ತಾ? ಡಾಕ್ಟರ ಹತ್ರ ಹೋಗಿ," ಎಂದಳು ಹೆಂಡತಿ. ತಲೆದಿಂಬಿನ ಒಂದು ಗವಸನ್ನು ತಂದು ಬಾಯಿ ಅಗಲಿಸಿ ಹಿಡಿದಳು, ಮುಖವನ್ನು ಆ ಕಡೆ ತಿರುಗಿಸಿಕೊಂಡು. "ಒಳ್ಳೇದನ್ನೇ ತಂದಿದೀನಿ, ಮೆತ್ತಗಿರತ್ತೆ ಅಂತ. ಇನ್ನು ಅದು ನನಗೆ ಬೇಡ."

ಗವಸನ್ನು ಸ್ವೆಟರಿನ ಒಳಗೆ ಹೊಟ್ಟೆಗೆ ಒತ್ತಿಕೊಂಡು, ಮೇಲೆ ಕೋಟು ಹಾಕಿಕೊಂಡು ಅವನು ಬಸ್ಸಿನಲ್ಲಿ ಕೂತ. ಹೊರಗೆ ಚಳಿಯಿತ್ತು, ದಾರಿಯಲ್ಲಿ ಅದು ತಣ್ಣಗಾಗಬಾರದು. ಸುಟ್ಟದ್ದಕ್ಕೂ ಬಿಸಿ ಬೇಕು. ಬಟ್ಟೆಯೊಳಗೆ ಹಾವು ಒಮ್ಮೆ ನಿಧಾನವಾಗಿ ಸರಿದು, ಅವನ ಹೊಕ್ಕುಳಿನ ಸುತ್ತ ತನ್ನ ಜಾಗ ಹುಡುಕಿಕೊಂಡು ಸುಮ್ಮನಾಯಿತು. ಪಕ್ಕದಲ್ಲಿದ್ದ ಹೆಂಗಸು ಅವನ ಉಬ್ಬಿದ ಹೊಟ್ಟೆಯನ್ನೂ ಅದಕ್ಕೆ ಅವನು ಕೊಟ್ಟ ಕೈಯನ್ನೂ ನೋಡಿ, ನೋವಾ ಎಂದು ಕೇಳಿದಳು. ಹೂಂ ಎಂದ. ಬಿಸಿನೀರಿನ ಚೀಲ ಇಟ್ಕೊಳ್ಳಿ, ಕಡಿಮೆಯಾಗತ್ತೆ ಎಂದಳು. ಅವನು ಕಿಟಕಿಯ ಕಡೆ ತಿರುಗಿದ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಅಮ್ಮನ ಪಾದಗಳಿಗೆ ಸ್ಪರ್ಶ ಹೋಗಿ ಆಗ ಎರಡು ವರ್ಷವಾಗಿತ್ತು. ಒಂದು ಚಪ್ಪಲಿ ಕಳಚಿ ಹಿಂದೆ ಬಿದ್ದಿದ್ದರೂ ತಿಳಿಯದೆ ಬೀದಿಯ ಕೊನೆಯವರೆಗೆ ನಡೆದುಬಿಡುತ್ತಿದ್ದಳು. ಅವತ್ತು ಅವನು ಬೆಳಗಿನ ಪಾಳಿ ಮುಗಿಸಿ, ಇನ್ನೊಂದು ಪಾಳಿಯ ನಡುವೆ ಒಂದು ಗಂಟೆಗೆಂದು ಮನೆಗೆ ಬಂದಿದ್ದ. ಮಂಜಿನ ಕೋಣೆಯಿಂದ ಬಂದವನ ಬೆರಳು, ಅಂಗೈ ಎರಡೂ ಮರಗಟ್ಟಿದ್ದವು. ಕಾಲು ಕೊರೀತಿದೆ ಅನ್ನಿಸತ್ತೆ ಕಣೋ ಎಂದಳು ಅಮ್ಮ. ಅವನು ನೀರು ಕಾಯಿಸಿ ರಬ್ಬರಿನ ಚೀಲಕ್ಕೆ ತುಂಬಿ, ಅಂಗೈ ಒತ್ತಿ ನೋಡಿದ. ಉಗುರುಬೆಚ್ಚಗಿತ್ತು. ಇನ್ನಷ್ಟು ಬಿಸಿನೀರು ಸೇರಿಸಿ ಮತ್ತೆ ಒತ್ತಿ ನೋಡಿದ. ಈಗ ಹದವಾಗಿದೆ ಎಂದುಕೊಂಡು ಅವಳ ಪಾದಗಳ ಕೆಳಗಿಟ್ಟು, ಹೊದಿಕೆ ಮುಚ್ಚಿ, ಓಡುತ್ತ ಹೋಗಿ ಬಸ್ಸು ಹಿಡಿದ. ಬಾಗಿಲಲ್ಲಿ ತಿರುಗಿ ನೋಡಿದಾಗ ಅಮ್ಮ ನಗುತ್ತಿದ್ದಳು. ಆಹಾ, ಬೆಚ್ಚಗಿದೆ ಎಂದಿದ್ದಳು.

ಸಂಜೆ ಐದಕ್ಕೆ ಶಾಲೆಯಿಂದ ಬಂದ ಅಣ್ಣ ಹೊದಿಕೆ ಸರಿಸಿದಾಗ ಎರಡೂ ಹಿಮ್ಮಡಿಗಳು ಬೆಂದಿದ್ದವು. ಇವನು ಪಾಳಿ ಮುಗಿಸಿ ಬರುವ ಹೊತ್ತಿಗೆ ಮನೆಯಲ್ಲಿ ಚಿಕ್ಕಮ್ಮ ಇದ್ದಳು, ಅವಳ ದನಿ ಮೆಟ್ಟಿಲ ಕೆಳಗಿನವರೆಗೂ ಕೇಳುತ್ತಿತ್ತು. "ಯಾವ ಮಹಾನುಭಾವ ಇಟ್ಟಿದ್ದು ಇದನ್ನ? ಕೈ ಇಟ್ಟು ನೋಡೋಷ್ಟು ಪುರುಸೊತ್ತಿರಲಿಲ್ವಾ?" "ನಾನೇ ಚಿಕ್ಕಮ್ಮ. ನೋಡದೆ ಇಟ್ಟುಬಿಟ್ಟೆ," ಎಂದ ಅಣ್ಣ. ಇವನು ಉಣ್ಣೆಯ ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಬಾಯಿ ತೆರೆದ ಕೂಡ. ಅಷ್ಟರಲ್ಲಿ ಅಣ್ಣ ಒಂದು ಚೀಟಿ ಕೊಟ್ಟು, ಅಂಗಡಿ ಮುಚ್ಚೋದರೊಳಗೆ ಈ ಮುಲಾಮು ತಗೊಂಡು ಬಾ ಹೋಗು ಎಂದ. ಇನ್ನೊಂದು ನಿಮಿಷ ಸಿಕ್ಕಿದ್ದರೆ ಹೇಳಿಬಿಡುತ್ತಿದ್ದೆ ಎಂದು ಹತ್ತೊಂಬತ್ತು ವರ್ಷದಿಂದ ಅವನು ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ. ಆಮೇಲೆ ನಿಮಿಷಗಳಿಗೇನೂ ಬರವಿರಲಿಲ್ಲ. ಅಮ್ಮ ನಾಲ್ಕು ತಿಂಗಳು ಬದುಕಿದ್ದಳು. ಸತ್ತದ್ದು ಬೇರೆ ಕಾಯಿಲೆಯಿಂದ, ಹಿಮ್ಮಡಿಯ ಗಾಯ ಮಾತ್ರ ಕೊನೆಯವರೆಗೂ ಒಣಗಲಿಲ್ಲ. ಅಣ್ಣನಿಗೆ ಬಿಸಿನೀರು ಎಂದು ಹೆಸರು ಬಿತ್ತು. ಮದುವೆ ಮನೆಗಳಲ್ಲಿ ಬಿಸಿನೀರು ಬಂದ ನೋಡ್ರೋ ಎಂದು ಯಾರಾದರೂ ಕೂಗುತ್ತಿದ್ದರು. ಅವನ ಕೈಗೆ ಬಿಸಿ ಕೊಡಬೇಡ್ರಪ್ಪ ಎಂದು ಚಿಕ್ಕಮ್ಮ ಕಾಫಿಯನ್ನು ಅವನಿಂದ ಮಾರು ದೂರ ಇಡಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ಇವನೂ, ಸ್ವಲ್ಪ ತಡವಾಗಿ, ನಕ್ಕಿದ್ದಾನೆ. ಮದುವೆಯಾಗಿ ಬಂದ ಇವನ ಹೆಂಡತಿಗೂ ಅದು ರೂಢಿಯಾಗಿ, ಇವತ್ತಿಗೂ ಭಾವನ ಲೋಟವನ್ನು ಕೈಗೆ ಕೊಡದೆ ಸ್ಟೂಲಿನ ಮೇಲಿಡುತ್ತಾಳೆ.

ಪ್ರಾಣಿಗಳ ಆಸ್ಪತ್ರೆಯಲ್ಲಿ ಬೆಂಚಿನ ತುಂಬ ನಾಯಿಗಳು. ಗವಸಿನೊಳಗೆ ಏನಿದೆಯೆಂದು ತಿಳಿದ ಕೂಡಲೇ ಅವನ ಎರಡೂ ಪಕ್ಕ ಖಾಲಿಯಾದವು. ಡಾಕ್ಟರು ಅವನ ಮಗಳಾಗಬಹುದಾದ ವಯಸ್ಸಿನವಳು. ಹಾವನ್ನು ಬಿಳಿಯ ಮೇಜಿನ ಮೇಲೆ ಅಂಗಾತ ಮಾಡಿ, ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದಳು.

"ಎಷ್ಟು ಹೊತ್ತು ಇತ್ತು ಬಿಸಿ ಮೇಲೆ?"

"ಒಂದು ದಿನ. ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ."

"ಹಾಸಿನ ಬಿಸಿ ತಡೆಯೋ ಯಂತ್ರ, ಥರ್ಮೋಸ್ಟಾಟ್, ಇರಲಿಲ್ವಾ?"

"ಇದೆ."

"ಮತ್ತೆ?"

ಮತ್ತೆ ಎಂಬುದು ಬರೀ ಎರಡಕ್ಷರ, ಅವಳಿಗೆ ಅದರ ಉತ್ತರದಲ್ಲಿ ಆಸಕ್ತಿಯೂ ಇದ್ದಂತಿರಲಿಲ್ಲ, ಅವಳ ಕಣ್ಣು ಗುಳ್ಳೆಯ ಮೇಲೇ ಇತ್ತು. ಆದರೂ ಅವನ ನಾಲಿಗೆ, "ಕೆಟ್ಟುಹೋಗಿತ್ತು," ಎಂದಿತು. ನಿನ್ನೆ ಕೈ ಕೇಳಲಿಲ್ಲ, ಇವತ್ತು ನಾಲಿಗೆ ಕೇಳಲಿಲ್ಲ.

"ಹಾಗಾದ್ರೆ ಅದನ್ನ ಬಿಸಾಕಿ, ಮತ್ತೆ ಹಾಕೋಕೆ ಹೋಗಬೇಡಿ," ಎಂದಳು. ಗುಳ್ಳೆಯ ಸುತ್ತ ಏನನ್ನೋ ಒರೆಸುತ್ತ ಹೇಳಿದಳು: "ನಮ್ಮ ಹಾಗಲ್ಲ ಇವು. ನಮಗೆ ಸುಟ್ಟರೆ ಹಾರಿ ಕೈ ತೆಗೀತೀವಿ. ಇವು ಬೆಚ್ಚಗಿದೆ ಅಂತ ಮಲಗಿರ್ತವೆ. ಹೊಟ್ಟೆ ಬೇಯ್ತಿದ್ರೂ ಏಳಲ್ಲ." ದಿನಕ್ಕೆರಡು ಸಲ ಬಿಳಿಯ ಮುಲಾಮು, ಪ್ರತಿದಿನ ಹೊಸ ಕಾಗದ, ಬಿಸಿ ಮೂವತ್ತರ ಮೇಲೆ ಹೋಗಕೂಡದು, ಪೂರ್ತಿ ಆರಿಸಲೂಬಾರದು. ಹುರುಪೆ ಬರಬೇಕಾದರೆ ಎರಡು ಮೂರು ಸಲ ಪೊರೆ ಬಿಡಬೇಕು. "ಬದುಕತ್ತಾ?" ಎಂದು ಕೇಳಿದ. "ಹತ್ತು ದಿನ ಏನೂ ಹೇಳಕ್ಕಾಗಲ್ಲ. ಕೀವಾದ್ರೆ ಕಷ್ಟ." ಚೀಟಿ ಬರೆಯುತ್ತ ತಲೆಯೆತ್ತಿ ಕೇಳಿದಳು: "ನಿಮ್ಮದಾ ಹಾವು?"

"ನಮ್ಮಣ್ಣಂದು."

"ಅವರಿಗೆ ಗೊತ್ತಾ?"

ವಾಪಸು ಬರುವ ದಾರಿಯುದ್ದಕ್ಕೂ ಅವನು ಆ ಸುಳ್ಳನ್ನು ತಿರುಗಿಸಿ ಮುರುಗಿಸಿ ನೋಡಿದ. ಗಟ್ಟಿಯಾಗಿತ್ತು. ಯಂತ್ರ ಹಳೆಯದು, ಕೆಡಬಹುದಾದದ್ದೇ. ಬಿಸಾಕಿಬಿಟ್ಟರೆ ಪರೀಕ್ಷೆ ಮಾಡಲು ಅದೂ ಉಳಿಯುವುದಿಲ್ಲ. ಡಾಕ್ಟರೇ ಬಿಸಾಕಿ ಎಂದಿದ್ದಾಳೆ. ಸುಸ್ತಾದವನು ಇದಕ್ಕಿಂತ ಒಳ್ಳೆಯ ಸುಳ್ಳನ್ನು ಎಲ್ಲಿಂದ ತರಬೇಕು. ಅಂಗಡಿಯಲ್ಲಿ ಹೊಸ ಥರ್ಮೋಸ್ಟಾಟ್ ಕೊಂಡ. ಮನೆಗೆ ಬಂದು ಹಳೆಯದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ. ಅದು ಚೆನ್ನಾಗಿಯೇ ಇತ್ತು, ಎಂಟು ವರ್ಷ ಒಂದು ದಿನವೂ ತಪ್ಪು ಮಾಡದೆ ದುಡಿದಿತ್ತು. ಹೊಸದರ ಸೆನ್ಸರನ್ನು ಗಾಜಿಗೆ ಮೂರು ಕಡೆ ಟೇಪು ಹಚ್ಚಿ ಬಿಗಿದ. ಕಾಗದ ಹಾಸಿದ. ಹಾವು ಬಿಟ್ಟ ಕೂಡಲೇ ನೇರವಾಗಿ ಬೆಚ್ಚಗಿನ ಬದಿಗೇ ಹೋಯಿತು, ಅದೇ ಬುಟ್ಟಿಯ ಕೆಳಗೆ. ಅದನ್ನು ನೋಡಿ ಅವನಿಗೆ ಅಳು ಬಂತು. ಕುರ್ಚಿಯ ತೋಳಿಗೆ ಹಣೆಯಿಟ್ಟು ಸ್ವಲ್ಪ ಹೊತ್ತು ಅತ್ತ. ಹೆಂಡತಿ ಅಡುಗೆಮನೆಯಿಂದ ನೋಡಿದಳು, ನಲ್ಲಿಯನ್ನು ಜೋರಾಗಿ ಬಿಟ್ಟಳು.

ಅಣ್ಣ ನಾಲ್ಕು ಗಂಟೆಗೆ ಬಂದ. ಆಸ್ಪತ್ರೆಯ ಗಾಡಿಯವರಿಬ್ಬರು ಕುರ್ಚಿಯಲ್ಲಿ ಕೂರಿಸಿಕೊಂಡು ಮೆಟ್ಟಿಲು ಹತ್ತಿಸಿದರು. ಹನ್ನೆರಡು ದಿನಕ್ಕೆ ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ವಾಕರಿನ ಮೇಲೆ ಭಾರ ಬಿಟ್ಟು ನಿಂತವನು ಸುತ್ತ ನೋಡಿ, ಮಂಚದ ಕಡೆ ಹೋಗದೆ, ಪರದೆಯ ಕಡೆ ಹೆಜ್ಜೆ ಹೆಜ್ಜೆಯಾಗಿ ನಡೆದ. "ಯಜಮಾನ್ತಿ ಹೇಗಿದಾಳೆ? ನನ್ನ ಬಿಟ್ಟು ಕೊರಗಿ ಸಣ್ಣಗಾಗಿದಾಳಾ ಇಲ್ಲ ಓರಗಿತ್ತಿ ಮುಖ ನೋಡ್ಕೊಂಡು ದಪ್ಪಗಾಗಿದಾಳಾ?"

"ನಾನು ಮುಖಾನೇ ತೋರಿಸಿಲ್ಲ ಭಾವ," ಎಂದಳು ಹೆಂಡತಿ. ಆಮೇಲೆ ಗಂಡನ ಕಡೆ ನೋಡಿದಳು.

ಅಣ್ಣ ಕುರ್ಚಿಯಲ್ಲಿ ಕೂತು ಪರದೆ ಸರಿಸಿದ. ಹೊಸ ಯಂತ್ರ ನೋಡಿದ. ಅದರ ಪಕ್ಕದಲ್ಲಿ ಮುಲಾಮಿನ ಡಬ್ಬಿ ನೋಡಿದ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮೇಲಿದ್ದ ಹೆಸರು ಓದಿದ. ಆ ಮುಲಾಮಿನ ಹೆಸರು ಇವರಿಬ್ಬರಿಗೂ ಹತ್ತೊಂಬತ್ತು ವರ್ಷದಿಂದ ಗೊತ್ತು.

"ಎಲ್ಲಿ ಸುಟ್ಟಿದೆ?"

"ಹೊಟ್ಟೆ. ಒಂದು ಗೇಣು." ಅವನು ನಿಂತೇ ಇದ್ದ. "ಥರ್ಮೋಸ್ಟಾಟ್ ಕೆಟ್ಟುಹೋಗಿತ್ತು. ಡಾಕ್ಟರು ಬಿಸಾಕಿ ಅಂದರು."

ಅಣ್ಣ ತಲೆಯಾಡಿಸಿದ. "ಹಳೇದು ಕಣೋ ಅದು. ನಾನೇ ಹೋದ ವರ್ಷ ಬದಲಾಯಿಸಬೇಕಿತ್ತು, ನಾಳೆ ನಾಡಿದ್ದು ಅಂತ ಬಿಟ್ಟೆ. ನಂದೇ ತಪ್ಪು. ನೀನೇನು ಮಾಡೋಕಾಗತ್ತೆ ಪಾಪ."

ನಂದೇ ತಪ್ಪು. ಎಷ್ಟು ಸಲೀಸಾಗಿ ಬಂತು. ಅವತ್ತು ಬಾಗಿಲಲ್ಲಿ ಕೇಳಿದ ಅದೇ ದನಿ; ಒಂದು ಅಂಗಿಯನ್ನು ಇನ್ನೊಬ್ಬರ ಗೂಟದಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಳ್ಳುವಷ್ಟು ಸುಲಭವಾಗಿ. ಅವನಿಗೆ ಸಿಟ್ಟು ಬಂತು. ಅಣ್ಣನ ಮೇಲೆ ಜೀವನದಲ್ಲಿ ಮೊದಲ ಸಲ ಅಷ್ಟು ಸಿಟ್ಟು ಬಂದದ್ದು ಅವನ ಒಳ್ಳೆಯತನದ ಮೇಲೆ. ಅಡುಗೆಮನೆಗೆ ಹೋದ, ಕಸದ ಬುಟ್ಟಿಯಿಂದ ಪತ್ರಿಕೆಯ ಪೊಟ್ಟಣ ತೆಗೆದು ತಂದು ಅಣ್ಣನ ತೊಡೆಯ ಮೇಲಿಟ್ಟ.

"ಕೆಟ್ಟಿರಲಿಲ್ಲ. ಸರಿಯಾಗಿದೆ ನೋಡು. ಒರೆಸುವಾಗ ನಾನು ಸೆನ್ಸರ್ ತೆಗೆದು ಆ ಮೊಳೆಗೆ ಹಾಕಿದೆ. ಅಲ್ಲೇ ಮರೆತೆ."

ಅಣ್ಣ ಮೊಳೆಯನ್ನು ನೋಡಿದ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಓ, ನಿಮ್ಮ ಬೆಣ್ಣೆ ಕೋಣೆಯ ಅಭ್ಯಾಸ. ಹೋಗ್ಲಿ ಬಿಡು. ಏಳನೇದನ್ನ ನಾನು ಎಲ್ಲಕ್ಕಿಂತ ಮೇಲೆ ಬರೀಬೇಕಿತ್ತು..."

"ಬೇಡ ಅಣ್ಣ." ಅವನ ದನಿ ತನಗೇ ಗುರುತು ಸಿಗದಷ್ಟು ಒಡೆದಿತ್ತು. "ಇದನ್ನೂ ನೀನೇ ತಗೋಬೇಡ. ಅಮ್ಮನ ಕಾಲಿನದು ತಗೊಂಡೆ. ಚೀಲ ಇಟ್ಟಿದ್ದು ನಾನು. ಇದು ನಂದು, ಅದೂ ನಂದು. ನನಗೆ ಬಿಡು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಣ್ಣ ತೊಡೆಯ ಮೇಲಿನ ಯಂತ್ರದ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ತಲೆ ಎತ್ತಿದಾಗ ಅವನ ಮುಖದಲ್ಲಿ ಮದುವೆ ಮನೆಯ ನಗುವಿರಲಿಲ್ಲ.

"ಹತ್ತೊಂಬತ್ತು ವರ್ಷ ಬೇಕಾಯ್ತಾ ನಿಂಗೆ?" ಎಂದ. "ಅವತ್ತು ಏನೋ ಬಾಯಿಗೆ ಬಂತು, ಹೇಳ್ದೆ. ಒಂದು ವಾರದಲ್ಲಿ ನೀನೇ ಹೇಳ್ತೀಯ ಅಂದ್ಕೊಂಡೆ. ಆಮೇಲೆ ಅಮ್ಮ ಹೋದಾಗ ಹೇಳ್ತೀಯ ಅಂದ್ಕೊಂಡೆ. ಬಿಸಿನೀರು ಬಿಸಿನೀರು ಅಂತ ಎಲ್ಲರೂ ನಗೋವಾಗ ನಾನು ಚಿಕ್ಕಮ್ಮನ ಮುಖ ನೋಡ್ತಿರಲಿಲ್ಲ ಕಣೋ. ನಿನ್ನ ಮುಖ ನೋಡ್ತಿದ್ದೆ."

"ಎದ್ದು ಹೇಳಬಹುದಿತ್ತಲ್ಲ ನೀನು, ನಾನಲ್ಲ ಅಂತ."

"ಹೇಳಬಹುದಿತ್ತು." ಅಣ್ಣ ಉಸಿರು ಬಿಟ್ಟ. "ಇವತ್ತು ನಾಳೆ ಅಂತ ಕೂತುಬಿಟ್ಟೆ. ಆಮೇಲೆ ಅಭ್ಯಾಸ ಆಗೋಯ್ತು."

ಅವನು ನೆಲ ನೋಡುತ್ತ ನಿಂತ. ಹಗುರವಾಗುತ್ತದೆಂದು ಇಷ್ಟು ವರ್ಷ ಅಂದುಕೊಂಡಿದ್ದ. ಹಗುರವಾಗಲಿಲ್ಲ, ಬರೀ ಆಯಾಸವಿತ್ತು, ಎರಡು ಪಾಳಿ ಒಟ್ಟಿಗೆ ಮಾಡಿ ಬಂದ ದಿನದಂತೆ. ಹೆಂಡತಿ ಕಾಫಿ ತಂದಳು. ಎಂದಿನಂತೆ ಸ್ಟೂಲಿನ ಮೇಲಿಡಲು ಬಗ್ಗಿದವಳು, ಹಾಗೇ ಒಂದು ಕ್ಷಣ ನಿಂತು, ಲೋಟವನ್ನು ಭಾವನ ಕೈಗೇ ಕೊಟ್ಟಳು. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಕುಡಿಯಲು ಅವಸರ ಮಾಡಲಿಲ್ಲ.

"ಮುಲಾಮು ಎಷ್ಟು ಗಂಟೆಗೆ?" ಎಂದು ಕೇಳಿದ.

"ಈಗಲೇ."

"ಹಾಗಾದ್ರೆ ತೆಗಿ ಅವಳನ್ನ. ತಲೆ ಕಡೆ ನಾನು ಹಿಡ್ಕೋತೀನಿ, ನೀನು ಹಚ್ಚು. ನೀನೇ ಹಚ್ಚಬೇಕು, ಹತ್ತು ದಿನ ಅಲ್ಲ, ವಾಸಿಯಾಗೋವರೆಗೆ. ವಾಸಿಯಾಗದೆ ಹೋದ್ರೂ ನೀನೇ." ಅದು ಸಿಟ್ಟಿನಲ್ಲಿ ಹೇಳಿದ್ದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಹೂಂ ಎಂದ. ಇಬ್ಬರೂ ಹಾವನ್ನು ಅಣ್ಣನ ತೊಡೆಯ ಮೇಲಿನ ಟವೆಲಿನಲ್ಲಿ ಅಂಗಾತ ಮಾಡಿಕೊಂಡರು. ಅವನು ಬಿಳಿಯ ಮುಲಾಮನ್ನು ಕೆಂಪು ಹುರುಪೆಗಳ ಮೇಲೆ, ಗುಳ್ಳೆ ಒಡೆಯದಂತೆ, ಒಂದು ಬೆರಳಲ್ಲಿ ಹಚ್ಚಿದ. ಹಾವು ಬಾಲವನ್ನು ಅವನ ಮುಂಗೈಗೆ ಸುತ್ತಿ, ಬಿಗಿಮಾಡದೆ, ಹಾಗೇ ಇಟ್ಟುಕೊಂಡಿತು.

ತಿರುಗಿ ಒಳಗೆ ಬಿಡುವ ಮೊದಲು ಹಾಸಿನ ಬಿಸಿ ನೋಡಬೇಕಿತ್ತು. ಹೊಸ ಯಂತ್ರ ಮೂವತ್ತು ಎನ್ನುತ್ತಿತ್ತು, ಆದರೆ ಅದು ಸೆನ್ಸರ್ ಅಂಟಿದ್ದ ಮೂಲೆಯ ಲೆಕ್ಕ. ಅವನು ಪೆಟ್ಟಿಗೆಯೊಳಗೆ ಬಗ್ಗಿ ಕಾಗದ ಸರಿಸಿ, ನಡುವೆ, ಮೂವತ್ತೊಂದು ವರ್ಷದ ಮಂಜಿಗೆ ದಪ್ಪಗಟ್ಟಿದ ಅಂಗೈ ಇಟ್ಟ. ಹದವಾಗಿತ್ತು.

"ಅಂಗೈ ಬೇಡ," ಎಂದ ಅಣ್ಣ ಹಿಂದಿನಿಂದ. ದನಿ ಮೆತ್ತಗಿತ್ತು. "ನೀನು ಅವತ್ತೂ ಅಂಗೈಯಲ್ಲೇ ನೋಡಿದ್ದೆ ಅಲ್ವಾ, ಮಂಜಿನ ಕೋಣೆಯಿಂದ ಬಂದು?"

ಅವನು ತಿರುಗಿ ನೋಡಲಿಲ್ಲ. ನೋಡದೆ ಇಟ್ಟದ್ದಲ್ಲ ಎಂಬುದು ಒಬ್ಬರಿಗಾದರೂ ಗೊತ್ತಿತ್ತು, ಇಷ್ಟು ವರ್ಷವೂ ಗೊತ್ತಿತ್ತು. ಅಂಗಿಯ ತೋಳು ಮೇಲಕ್ಕೆ ಸರಿಸಿ, ಕೈಯನ್ನು ಮಗುಚಿ, ಮಣಿಕಟ್ಟಿನ ಒಳಮೈಯನ್ನು ಗಾಜಿಗೆ ಒತ್ತಿದ. ಒಂದು, ಎರಡು, ಮೂರು ಎಂದು ಎಣಿಸುವಷ್ಟರಲ್ಲಿ ತೆಳು ಚರ್ಮದ ಕೆಳಗೆ ನಾಡಿ ಬಡಿಯುವ ಜಾಗದಲ್ಲಿ ಚುರುಗುಟ್ಟಿತು.

"ಬಿಸಿ ಇದೆ," ಎಂದ.

"ಇನ್ನೊಂದು ಸ್ವಲ್ಪ ಇಳಿಸು," ಎಂದ ಅಣ್ಣ, ಹಾವನ್ನು ಎದೆಗೆ ಒತ್ತಿಕೊಂಡು. "ಅಲ್ಲೀವರೆಗೆ ಇವಳು ನನ್ನ ಹತ್ರ ಇರ್ತಾಳೆ."